ಇರಕಲ್ಲಗಡದ ಗುಡ್ಡಕ್ಕೂ ಹಿಮಾಲಯಕ್ಕೂ ಏನು ನಂಟು?

ಭೂಫಲಕಗಳ ಡಿಕ್ಕಿಯಿಂದ ಪರ್ವತಗಳು ಹುಟ್ಟುವ ಬಗೆ



ಕೊಪ್ಪಳ ತಾಲ್ಲೂಕಿನ ಇರಕಲ್ಲಗಡದ ಕಡೆ ನೀವು ಹೋಗಿದ್ದರೆ ಆ ಸೀಮೆಯ ಕಲ್ಲುಗುಡ್ಡಗಳನ್ನು ನೋಡಿಯೇ ಇರುತ್ತೀರಿ. ಜೋಳ, ಸಜ್ಜೆ, ಶೇಂಗಾ ಬೆಳೆಯುವ ಹೊಲಗಳ ನಡುವೆ ಒಮ್ಮೆಲೇ ಎದ್ದು ನಿಂತ ಬೋಳು ಗುಡ್ಡಗಳು. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬಂಡೆಗಳು. ಕೈ ತಾಕಿದರೆ ಉರುಳೀತೇನೋ ಎನ್ನುವಂತೆ ಕುಳಿತಿರುವ ಗುಂಡುಗಳು. ಗಂಗಾವತಿ, ಆನೆಗುಂದಿ, ಹಂಪಿಯವರೆಗೂ ಇದೇ ನೋಟ. ಕಿಷ್ಕಿಂಧೆಯ ವಾನರರು ಎಸೆದಾಡಿದ ಕಲ್ಲುಗಳಿವು ಎಂದು ಹಿರಿಯರು ಕಥೆ ಹೇಳುವುದುಂಟು.

ಈ ಗುಡ್ಡಗಳನ್ನು ಹಿಮಾಲಯದ ಪಕ್ಕದಲ್ಲಿಟ್ಟು ಹೋಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಅದು 8,848.86 ಮೀಟರ್ ಎತ್ತರದ ಎವರೆಸ್ಟ್ ಶಿಖರವನ್ನು ಹೊತ್ತ ಪರ್ವತಮಾಲೆ. ಇದು ಬೆಳಿಗ್ಗೆ ಹತ್ತಿ, ಬಿಸಿಲೇರುವ ಮೊದಲು ಇಳಿದು ಬರಬಹುದಾದ ಗುಡ್ಡ. ಆದರೆ ವಯಸ್ಸು ಕೇಳಿದರೆ ಲೆಕ್ಕ ತಿರುವುಮುರುವಾಗುತ್ತದೆ. ಹಿಮಾಲಯ ಇನ್ನೂ ಬೆಳೆಯುತ್ತಿರುವ ಹುಡುಗ. ನಮ್ಮ ಗುಡ್ಡ ಹಲ್ಲುದುರಿದ ಮುತ್ತಜ್ಜ. ಅಷ್ಟೇ ಅಲ್ಲ, ಆ ಹುಡುಗನನ್ನು ಇಂದಿಗೂ ಮೇಲೆತ್ತುತ್ತಿರುವುದು ಈ ಮುತ್ತಜ್ಜನ ಭುಜವೇ! ಇದು ಹೇಗೆ ಎಂಬುದನ್ನು ನೋಡೋಣ ಬನ್ನಿ.

ಒಡೆದ ಚಿಪ್ಪಿನ ಭೂಮಿ

ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳವನ್ನು ನೆನಪಿಗೆ ತಂದುಕೊಳ್ಳಿ. ಒಣಗಿದ ಕೆಸರು ಬಿರುಕುಬಿಟ್ಟು ಬಿಲ್ಲೆ ಬಿಲ್ಲೆಯಾಗಿ ನಿಂತಿರುತ್ತದೆ. ಭೂಮಿಯ ಹೊರಕವಚವೂ ಹೀಗೆಯೇ ಹಲವು ಬಿಲ್ಲೆಗಳಾಗಿ ಒಡೆದಿದೆ. ಇವನ್ನು ಭೂಫಲಕಗಳು ಎನ್ನುತ್ತಾರೆ. ಏಳು ದೊಡ್ಡ ಫಲಕಗಳೂ ಹಲವು ಚಿಕ್ಕ ಫಲಕಗಳೂ ಇವೆ. ಒಂದೊಂದರ ದಪ್ಪ ಸಾಮಾನ್ಯವಾಗಿ 100 ಕಿ.ಮೀ. ಆಸುಪಾಸು. ಖಂಡಗಳಾಗಲಿ ಸಾಗರಗಳ ತಳವಾಗಲಿ ಈ ಫಲಕಗಳ ಮೇಲ್ಮೈ ಅಷ್ಟೇ. ನಾವಿರುವುದು ಭಾರತ ಫಲಕದ ಮೇಲೆ.

ಕೆರೆಯ ಬಿಲ್ಲೆಗಳು ಇದ್ದಲ್ಲೇ ಇರುತ್ತವೆ. ಭೂಫಲಕಗಳು ಮಾತ್ರ ಚಲಿಸುತ್ತವೆ. ಅವುಗಳ ಕೆಳಗಿನ ಶಿಲೆ ಅತ್ಯಂತ ಬಿಸಿಯಾಗಿದೆ. ಅದು ನೀರಿನಂತೆ ಕರಗಿದ ದ್ರವವೆಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಅದು ಘನವಸ್ತುವೇ, ಆದರೆ ಬಹು ನಿಧಾನವಾಗಿ ಹರಿಯಬಲ್ಲ ಘನವಸ್ತು. ರಸ್ತೆ ಕೆಲಸಕ್ಕೆಂದು ತಂದಿಟ್ಟ ಟಾರಿನ ಉಂಡೆಯನ್ನು ಸುತ್ತಿಗೆಯಿಂದ ಹೊಡೆದರೆ ಸಿಡಿಯುತ್ತದೆ. ಅದನ್ನೇ ಬಿಸಿಲಿನಲ್ಲಿ ಬಿಟ್ಟರೆ ಮೆಲ್ಲಗೆ ಹರಡಿಕೊಳ್ಳುತ್ತದೆ. ಭೂಗರ್ಭದ ಶಿಲೆಯದೂ ಅದೇ ಗುಣ.

ಫಲಕಗಳನ್ನು ಎಳೆಯುವ ಶಕ್ತಿ ಯಾವುದು? ಸಾಗರತಳದ ಫಲಕ ಹಳೆಯದಾದಂತೆ ತಣ್ಣಗಾಗಿ ಭಾರವಾಗುತ್ತದೆ. ಕೊನೆಗೆ ಅದರ ಅಂಚು ಕೆಳಗೆ ಮುಳುಗತೊಡಗುತ್ತದೆ. ಬಾವಿಯ ಕಟ್ಟೆಯ ಮೇಲೆ ಹಾಕಿದ ಒದ್ದೆ ಕಂಬಳಿಯ ಒಂದು ತುದಿ ಒಳಗೆ ಜೋತುಬಿದ್ದರೆ ಏನಾಗುತ್ತದೆ? ಆ ತುದಿಯ ಭಾರಕ್ಕೆ ಇಡೀ ಕಂಬಳಿಯೇ ಜಾರಿಕೊಂಡು ಹೋಗುತ್ತದೆ. ಫಲಕಗಳ ಚಲನೆಗೆ ಮುಖ್ಯ ಕಾರಣ ಇಂತಹುದೇ ಎಳೆತ.

ಖಂಡಗಳು ಚಲಿಸುತ್ತವೆ ಎಂದು ಜರ್ಮನಿಯ ಆಲ್ಫ್ರೆಡ್ ವೆಗನರ್ 1912 ರಲ್ಲಿಯೇ ಹೇಳಿದ. ಇಷ್ಟು ದೊಡ್ಡ ಖಂಡವನ್ನು ನೂಕುವ ಶಕ್ತಿ ಯಾವುದೆಂಬ ಪ್ರಶ್ನೆಗೆ ಅವನ ಬಳಿ ಒಪ್ಪುವಂಥ ಉತ್ತರವಿರಲಿಲ್ಲ. ಬಹುಪಾಲು ವಿದ್ವಾಂಸರು ಆ ಮಾತನ್ನು ತಳ್ಳಿಹಾಕಿದರು. 1930 ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದ ನಡುವೆ ವೆಗನರ್ ತೀರಿಕೊಂಡ. ಸಾಗರತಳ ನಡುವೆ ಸೀಳಿ ಇಕ್ಕೆಲಕ್ಕೂ ಸರಿಯುತ್ತಿದೆ ಎಂಬುದಕ್ಕೆ 1960 ರ ದಶಕದಲ್ಲಿ ಸಾಕ್ಷ್ಯ ದೊರೆತ ಮೇಲೆಯೇ ಜಗತ್ತು ಅವನ ಮಾತಿಗೆ ತಲೆದೂಗಿತು.

ಡಿಕ್ಕಿಯಲ್ಲಿ ಮೂರು ಬಗೆ

ಎರಡು ಫಲಕಗಳು ಎದುರುಬದುರಾಗಿ ಬಂದಾಗ ಆಗುವುದು ಒಂದೇ ಬಗೆಯ ಡಿಕ್ಕಿಯಲ್ಲ.

ಮೊದಲನೆಯದು, ಸಾಗರತಳಕ್ಕೂ ಸಾಗರತಳಕ್ಕೂ ಆಗುವ ಡಿಕ್ಕಿ. ಒಂದು ಇನ್ನೊಂದರ ಕೆಳಗೆ ನುಸುಳಿ ಮುಳುಗುತ್ತದೆ. ಅದರೊಡನೆ ಒಳಹೋದ ನೀರಿನ ಅಂಶದಿಂದ ಮೇಲಿನ ಬಿಸಿ ಶಿಲೆ ಕರಗಿ, ಜ್ವಾಲಾಮುಖಿಗಳಾಗಿ ಹೊರಬಂದು, ದ್ವೀಪಗಳ ಸಾಲಾಗುತ್ತದೆ. ಎರಡನೆಯದು, ಸಾಗರತಳಕ್ಕೂ ಖಂಡಕ್ಕೂ ಆಗುವ ಡಿಕ್ಕಿ. ಭಾರವಾದ ಸಾಗರತಳ ಕೆಳಗೆ ಹೋಗುತ್ತದೆ. ಖಂಡದ ಅಂಚಿನಲ್ಲಿ ಪರ್ವತಗಳೇಳುತ್ತವೆ. ದಕ್ಷಿಣ ಅಮೆರಿಕದ ಆಂಡೀಸ್ ಹೀಗೆ ಹುಟ್ಟಿದ್ದು.

ಮೂರನೆಯದೇ ನಮ್ಮ ಇಂದಿನ ವಿಷಯ: ಖಂಡಕ್ಕೂ ಖಂಡಕ್ಕೂ ಆಗುವ ಡಿಕ್ಕಿ. ಖಂಡದ ಶಿಲೆ ಹಗುರ. ಅದು ಭೂಗರ್ಭದ ಆಳಕ್ಕೆ ಸುಲಭವಾಗಿ ಮುಳುಗುವುದಿಲ್ಲ. ಜಾತ್ರೆಯ ದಿನ ಕಿರಿದಾದ ಬಾಗಿಲಲ್ಲಿ ಎರಡೂ ಕಡೆಯಿಂದ ಜನ ನುಗ್ಗಿದಂತೆ, ಯಾರೂ ಹಿಂದೆ ಸರಿಯುವುದಿಲ್ಲ. ನಡುವೆ ಸಿಕ್ಕಿದ್ದೆಲ್ಲ ಮಡಿಕೆ ಬೀಳುತ್ತದೆ, ಸೀಳುತ್ತದೆ, ಒಂದರ ಮೇಲೊಂದು ಏರಿ ಕೂರುತ್ತದೆ. ಕವಚ ಮೇಲಕ್ಕೂ ಬೆಳೆಯುತ್ತದೆ, ಕೆಳಕ್ಕೂ ಬೆಳೆಯುತ್ತದೆ.

ಎಲ್ಲ ಬೆಟ್ಟಗಳೂ ಡಿಕ್ಕಿಯ ಮಕ್ಕಳೆಂದು ತಿಳಿಯಬಾರದು. ನಮ್ಮ ಪಶ್ಚಿಮ ಘಟ್ಟವನ್ನೇ ನೋಡಿ. ಅದು ಡಿಕ್ಕಿಯಿಂದ ಎದ್ದದ್ದಲ್ಲ. ಖಂಡ ಒಡೆದು ಬೇರ್ಪಟ್ಟಾಗ ಉಳಿದ ಅಂಚು ಸವೆದು ಆದದ್ದು.

ಹಿಮಾಲಯದ ಮೂರು ಗುರುತುಗಳು

ಒಂದು ಕಾಲದಲ್ಲಿ ಭಾರತ, ಆಫ್ರಿಕ, ಅಂಟಾರ್ಕ್ಟಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕ ಎಲ್ಲವೂ ಕೂಡಿಕೊಂಡಿದ್ದವು. ಆ ಮಹಾಖಂಡಕ್ಕೆ ಗೊಂಡ್ವಾನ ಎಂದು ಹೆಸರು. ಮಧ್ಯಭಾರತದ ಗೊಂಡರ ನಾಡಿನ ಹೆಸರಿದು. ಅದು ಒಡೆದು ಭಾಗವಾಗತೊಡಗಿತು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಯಿತು. ಆ ಅಗಲಿಕೆಯ ಸಾಕ್ಷಿ ನಮ್ಮ ಕರಾವಳಿಯಲ್ಲೇ ಇದೆ. ಉಡುಪಿ ಜಿಲ್ಲೆಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಗಳನ್ನು ಜೋಡಿಸಿ ನಿಲ್ಲಿಸಿದಂತೆ ಕಾಣುವ ಶಿಲೆಗಳು ಆಗ ಉಕ್ಕಿದ ಲಾವಾರಸ ಆರಿ ಆದವು.

ಬಳಿಕ ಭಾರತ ಫಲಕ ಉತ್ತರಕ್ಕೆ ಧಾವಿಸಿತು. ಒಂದು ಹಂತದಲ್ಲಿ ಅದರ ವೇಗ ವರ್ಷಕ್ಕೆ 15 ಸೆಂ.ಮೀ.ಗೂ ಹೆಚ್ಚಾಗಿತ್ತು. ಫಲಕಗಳ ಲೋಕದಲ್ಲಿ ಇದು ನಾಗಾಲೋಟವೇ ಸರಿ. ಭಾರತಕ್ಕೂ ಏಷ್ಯಕ್ಕೂ ನಡುವೆ ಟೆಥಿಸ್ ಎಂಬ ಸಾಗರವಿತ್ತು. ಅದರ ತಳ ಏಷ್ಯದ ಕೆಳಗೆ ಮುಳುಗುತ್ತ ಸಾಗರ ಕಿರಿದಾಗುತ್ತ ಬಂತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತ ಏಷ್ಯಕ್ಕೆ ಬಂದು ತಾಗಿತು. ಭಾರತದ ವೇಗ ತಗ್ಗಿತು, ಆದರೆ ನಿಲ್ಲಲಿಲ್ಲ. ಸುಮಾರು 2,400 ಕಿ.ಮೀ. ಉದ್ದದ ಹಿಮಾಲಯ ಎದ್ದಿತು. ಇದು ಕಟ್ಟುಕಥೆಯಲ್ಲ ಎನ್ನಲು ಮೂರು ಗುರುತುಗಳನ್ನು ನೆನಪಿಡಿ.

ಒಂದನೆಯ ಗುರುತು, ಕಳೆದುಹೋದ ಸಾಗರ. ನಮ್ಮ ಎಷ್ಟೋ ಮನೆಗಳ ದೇವರ ಜಗುಲಿಯ ಮೇಲೆ ಗಂಡಕಿ ನದಿಯ ಸಾಲಿಗ್ರಾಮವಿರುತ್ತದೆ. ಅದರ ಮೈಮೇಲಿನ ಚಕ್ರ ಬಹುಪಾಲು ಅಮ್ಮೊನೈಟ್ ಎಂಬ ಕಡಲಪ್ರಾಣಿಯ ಸುರುಳಿ ಚಿಪ್ಪಿನ ಪಳೆಯುಳಿಕೆ. ಭಕ್ತರಿಗೆ ಅದು ವಿಷ್ಣುವಿನ ರೂಪ. ಭೂವಿಜ್ಞಾನಿಗೆ ಟೆಥಿಸ್ ಸಾಗರದ ಸಾಕ್ಷಿ. ಕಡಲಪ್ರಾಣಿ ಹಿಮಾಲಯದ ನದಿಯಲ್ಲಿ ಸಿಗಬೇಕಾದರೆ ಆ ಪರ್ವತದ ಶಿಲೆ ಕಡಲ ತಳದಲ್ಲಿದ್ದಿರಲೇಬೇಕು. ಎವರೆಸ್ಟಿನ ತುದಿಯಲ್ಲಿರುವುದೂ ಕಡಲಜೀವಿಗಳ ಅವಶೇಷವುಳ್ಳ ಸುಣ್ಣಕಲ್ಲೇ.

ಎರಡನೆಯ ಗುರುತು, ಮಡಿಕೆ ಬಿದ್ದ ಪದರಗಳು. ಕಡಲ ತಳದಲ್ಲಿ ಮಟ್ಟಸವಾಗಿ ಹಾಸಿದ್ದ ಕೆಸರು, ಮರಳು ಪದರಗಳು ಇಂದು ಅಲ್ಲಿ ಓರೆಯಾಗಿ, ನೆಟ್ಟಗೆ, ಕೆಲವೆಡೆ ತಲೆಕೆಳಗಾಗಿ ನಿಂತಿವೆ.

ಮೂರನೆಯ ಗುರುತು, ಗ್ರಾನೈಟ್. ಕವಚ ದಪ್ಪವಾದಾಗ ಅದರ ಒಡಲು ಕಾದು ಅಲ್ಲಲ್ಲಿ ಕರಗುತ್ತದೆ. ಆ ಶಿಲಾರಸ ಮೇಲೇರಿ, ನೆಲದೊಳಗೇ ಮೆಲ್ಲಗೆ ಆರಿ ಗ್ರಾನೈಟ್ ಆಗುತ್ತದೆ. ಗಂಗೋತ್ರಿಯ ಬಳಿ ಹೀಗೆ ಆದ, ಎರಡು ಕೋಟಿ ವರ್ಷಗಳಿಗೆ ಸ್ವಲ್ಪ ಮೇಲ್ಪಟ್ಟ ಗ್ರಾನೈಟ್ ಇದೆ.

ಸಾಗರ, ಮಡಿಕೆ, ಗ್ರಾನೈಟ್ — ಈ ಮೂರನ್ನೂ ಗಂಟು ಕಟ್ಟಿಟ್ಟುಕೊಳ್ಳಿ. ಮತ್ತೆ ಬಿಚ್ಚಬೇಕಾಗುತ್ತದೆ.

ಪರ್ವತಕ್ಕೂ ಬೇರುಂಟು

ಕವಚ ಕೆಳಕ್ಕೂ ಬೆಳೆಯುತ್ತದೆ ಎಂದೆನಲ್ಲವೇ? ಅದು ಮೊದಲು ತಿಳಿದದ್ದು ನಮ್ಮ ದೇಶದ ಭೂಮಾಪನದಿಂದ. ಹಿಮಾಲಯದ ತಪ್ಪಲಿಗೆ ಹತ್ತಿರದ ಕಲಿಯಾನಾ, ಮಧ್ಯಭಾರತದ ಕಲಿಯಾನ್‌ಪುರ — ಈ ಎರಡು ಊರುಗಳ ನಡುವಣ ಅಂತರವನ್ನು ಜಾರ್ಜ್ ಎವರೆಸ್ಟನ ಕಾಲದಲ್ಲಿ ಎರಡು ರೀತಿಯಿಂದ ಅಳೆದರು. ಒಂದು, ನೆಲದ ಮೇಲಿನ ತ್ರಿಕೋನಗಳಿಂದ. ಇನ್ನೊಂದು, ತೂಗುಗುಂಡು ಹಿಡಿದು ನಕ್ಷತ್ರಗಳನ್ನು ನೋಡಿ. ಎರಡಕ್ಕೂ 5 ಸೆಕೆಂಡು ಕೋನಕ್ಕೆ ತುಸು ಮೇಲ್ಪಟ್ಟು ವ್ಯತ್ಯಾಸ ಬಂತು. ಹಿಮಾಲಯದ ರಾಶಿ ತೂಗುಗುಂಡನ್ನು ತನ್ನೆಡೆಗೆ ಎಳೆದಿರಬೇಕೆಂದು ಪಾದ್ರಿಯೂ ಗಣಿತಜ್ಞನೂ ಆಗಿದ್ದ ಪ್ರಾಟ್ ಲೆಕ್ಕ ಹಾಕಿದ. ಆದರೆ ಅವನ ಲೆಕ್ಕದಂತೆ ಎಳೆತ ಇದರ ಮೂರು ಪಟ್ಟು ಇರಬೇಕಾಗಿತ್ತು! ಅಷ್ಟು ದೊಡ್ಡ ಪರ್ವತದ ಎಳೆತ ಇಷ್ಟು ಕಡಿಮೆಯೇಕೆ? 1855 ರಲ್ಲಿ ಇಂಗ್ಲೆಂಡಿನ ಏರಿ ಇದಕ್ಕೆ ಉತ್ತರ ಕೊಟ್ಟ: ಪರ್ವತದ ಕೆಳಗೆ ಹಗುರ ಶಿಲೆಯ ಆಳವಾದ ಬೇರಿದೆ, ಅದು ತನ್ನ ಸುತ್ತಲಿನ ಭಾರದ ಶಿಲೆಯ ಜಾಗವನ್ನು ಹಿಡಿದಿದೆ. ನಮ್ಮ ಪರ್ಯಾಯ ದ್ವೀಪದಲ್ಲಿ ಕವಚದ ದಪ್ಪ ಸುಮಾರು 35 ಕಿ.ಮೀ. ಇದ್ದರೆ, ಟಿಬೆಟಿನ ಕೆಳಗೆ ಅದರ ಎರಡರಷ್ಟು, ಸುಮಾರು 70 ಕಿ.ಮೀ. ಇದೆ.

ಈ ಬೇರಿನಿಂದ ಆಗುವುದೇನು? ಆನೆಗುಂದಿಯ ಬಳಿ ತುಂಗಭದ್ರೆಯಲ್ಲಿ ಹರಿಗೋಲನ್ನು ನೋಡಿ. ಜನ ತುಂಬಿದಾಗ ಅದು ಆಳಕ್ಕೆ ಇಳಿದಿರುತ್ತದೆ. ದಡ ಸೇರಿ ಒಬ್ಬೊಬ್ಬರೇ ಇಳಿದಂತೆ ಹರಿಗೋಲು ಮೇಲೇಳುತ್ತ ಬರುತ್ತದೆ. ಪರ್ವತವೂ ಹಾಗೆಯೇ. ಮಳೆ, ಗಾಳಿ, ನದಿ ಅದರ ತಲೆಯನ್ನು ಸವೆಸಿ ಭಾರ ಇಳಿಸಿದಂತೆ ಬೇರು ಮೇಲೇಳುತ್ತದೆ. ಮತ್ತೆ ಸವೆತ, ಮತ್ತೆ ಏರಿಕೆ. ಕೊನೆಗೆ ಶಿಖರವೆಲ್ಲ ಕರಗಿ, ಒಂದು ಕಾಲಕ್ಕೆ ಕಿಲೋಮೀಟರುಗಟ್ಟಲೆ ಆಳದಲ್ಲಿದ್ದ ಶಿಲೆ ಬಿಸಿಲು ಕಾಣುತ್ತದೆ.

ಈಗ ಇರಕಲ್ಲಗಡಕ್ಕೆ ಮರಳೋಣ.

ನಮ್ಮ ಕಲ್ಲು ಹೇಳುವ ಕಥೆ

ಇರಕಲ್ಲಗಡ, ಕೊಪ್ಪಳ, ಗಂಗಾವತಿ ಸೀಮೆಯ ಗುಡ್ಡಗಳು ಹೆಚ್ಚಾಗಿ ಗ್ರಾನೈಟ್ ಮತ್ತು ಅದರ ಹತ್ತಿರದ ನಂಟಿನ ನೈಸ್ ಶಿಲೆಗಳು. ಹೊಸದಾಗಿ ಒಡೆದ ಒಂದು ಕಲ್ಲನ್ನು ಕೈಗೆ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವಷ್ಟು ದೊಡ್ಡ ಹರಳುಗಳಿವೆ: ಗುಲಾಬಿ ಇಲ್ಲವೇ ಬಿಳಿಯ ಫೆಲ್ಡ್‌ಸ್ಪಾರ್, ಗಾಜಿನಂತಹ ಬೆಣಚು, ಮಿನುಗುವ ಕರಿಯ ಅಭ್ರಕ. ಪಾಕವನ್ನು ನಿಧಾನವಾಗಿ ಆರಲು ಬಿಟ್ಟರೆ ಕಲ್ಲುಸಕ್ಕರೆಯ ದೊಡ್ಡ ಹರಳು ಕಟ್ಟುತ್ತದೆ, ಅಲ್ಲವೇ? ದೊಡ್ಡ ಹರಳಿನ ಗ್ರಾನೈಟ್ ಕೂಡ ಬೆಚ್ಚಗಿನ ಆಳದಲ್ಲಿ ಬಹುಕಾಲ ಮೆಲ್ಲಗೆ ಆರಿದ್ದು. ಬಿಜಾಪುರದ ಕಡೆಯ ಕರಿಗಲ್ಲು ನೆಲದ ಮೇಲೆ ಹರಿದು ಬೇಗ ಆರಿದ ಲಾವಾ. ಅದರ ಹರಳು ಕಣ್ಣಿಗೆ ಕಾಣುವುದೇ ಕಷ್ಟ.

ಆಳದಲ್ಲಿ ಹುಟ್ಟಿದ ಕಲ್ಲು ಇಂದು ಗುಡ್ಡದ ನೆತ್ತಿಯ ಮೇಲಿದೆ ಎಂದರೆ, ಅದರ ಮೇಲೆ ಹಿಂದೆ ಇದ್ದ ಅಷ್ಟೂ ಶಿಲೆ ಎಲ್ಲಿ ಹೋಯಿತು? ಸವೆದು ಹೋಯಿತು. ಈ ಗುಡ್ಡ ನಿಜವಾಗಿ ಶಿಖರವಲ್ಲ. ಹಿಂದೆ ಇದ್ದ ನೆಲದ ಒಳಗಣ ಭಾಗ.

ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಅಲ್ಲಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಉದ್ದಕ್ಕೆ ನಮ್ಮ ಸೀಮೆಯವರೆಗೆ ಚಾಚಿಕೊಂಡಿರುವ ಗ್ರಾನೈಟ್ ಪಟ್ಟಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರಾಗಿದೆ. ಕನ್ನಡನಾಡಿನ ಹಿರಿಯ ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ (1918–2012) ಅವರು ಇದನ್ನು ವಿವರವಾಗಿ ಅಭ್ಯಾಸ ಮಾಡಿದವರು. ಇದರ ವಯಸ್ಸು ಸುಮಾರು 252 ಕೋಟಿ ವರ್ಷ. ಕರ್ನಾಟಕದ ನೆಲ ಒಂದು ಕಡೆ ಎತ್ತಿದ ಹಲಗೆಯಂತೆ ತುಸು ಓರೆಯಾಗಿ ಸವೆದಿರುವುದರಿಂದ, ಈ ಪಟ್ಟಿಯ ದಕ್ಷಿಣದ ತುದಿಯಲ್ಲಿ ಬಹಳ ಆಳದ ಶಿಲೆಯೂ, ಉತ್ತರದ ಹಂಪಿ–ಕೊಪ್ಪಳದ ಕಡೆ ಕಡಿಮೆ ಆಳದ ಶಿಲೆಯೂ ಹೊರಬಂದಿವೆ. ಭೂಮಿಯ ಒಡಲಿಗೆ ಇಳಿಯಬೇಕೆಂದರೆ ಗಣಿ ತೋಡಬೇಕಾಗಿಲ್ಲ. ಕೊಪ್ಪಳದಿಂದ ರಾಮನಗರಕ್ಕೆ ಬಸ್ಸು ಹತ್ತಿದರೆ ಸಾಕು!

ಮೂರು ಗುರುತುಗಳಲ್ಲಿ ಗ್ರಾನೈಟ್ ಸಿಕ್ಕಿತು. ಉಳಿದ ಎರಡು?

ಸಾಗರದ ಗುರುತು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿದೆ. ಅಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಶಿಲೆಗಳಿವೆ. ಲಾವಾರಸ ನೀರಿನೊಳಗೆ ಉಕ್ಕಿದಾಗ ಮಾತ್ರ ಹೊರಮೈ ಥಟ್ಟನೆ ಆರಿ ಹೀಗೆ ದಿಂಬಿನಾಕಾರ ತಾಳುತ್ತದೆ. ಅಂದರೆ ಇಂದು ಮಳೆಗೆ ಕಾಯುವ ಆ ಬಯಲುಸೀಮೆಯಲ್ಲಿ 250 ಕೋಟಿ ವರ್ಷಗಳಿಗೂ ಹಿಂದೆ ನೀರು ತುಂಬಿತ್ತು. ಮಡಿಕೆಯ ಗುರುತು ಸಂಡೂರಿನ ಬೆಟ್ಟಗಳಲ್ಲಿದೆ. ನೀರಿನ ತಳದಲ್ಲಿ ಮಟ್ಟಸವಾಗಿ ಕೂತಿದ್ದ ಕಬ್ಬಿಣದ ಅದಿರಿನ ಪದರಗಳು ಅಲ್ಲಿ ಮಡಿಸಿಕೊಂಡು ಕಡಿದಾಗಿ ಎದ್ದು ನಿಂತಿವೆ. ಕುಷ್ಟಗಿ, ಹಟ್ಟಿಯ ಕಡೆಯೂ ಇಂತಹ ಹಳೆಯ ಶಿಲೆಗಳ ಪಟ್ಟಿಗಳಿವೆ; ಹಟ್ಟಿಯ ಚಿನ್ನ ಸಿಗುವುದು ಅಂತಹ ಪಟ್ಟಿಯಲ್ಲಿಯೇ.

ಸಾಗರ, ಮಡಿಕೆ, ಗ್ರಾನೈಟ್ ಮೂರೂ ಇಲ್ಲಿವೆ. ಕರ್ನಾಟಕದ ಪಶ್ಚಿಮ ಭಾಗ ಮತ್ತು ಪೂರ್ವ ಭಾಗ ಹಿಂದೆ ಬೇರೆ ಬೇರೆ ತುಣುಕುಗಳಾಗಿದ್ದು, ಸುಮಾರು 250 ಕೋಟಿ ವರ್ಷಗಳ ಹಿಂದೆ ಒಂದಕ್ಕೊಂದು ಒತ್ತಿ ಬೆಸೆದುಕೊಂಡವು ಎಂದು ಅನೇಕ ಭೂವಿಜ್ಞಾನಿಗಳು ಹೇಳುತ್ತಾರೆ. ಗದಗ–ಚಿತ್ರದುರ್ಗದ ಗೆರೆಯಲ್ಲಿ ಆ ಬೆಸುಗೆಯ ಗಾಯ ಕಾಣುತ್ತದೆ. ಆ ಕಾಲದಲ್ಲಿ ಭೂಮಿ ಇಂದಿಗಿಂತ ಬಿಸಿಯಾಗಿತ್ತು. ಫಲಕಗಳ ನಡೆ ಇಂದಿನಂತೆಯೇ ಇತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಚರ್ಚೆ ನಡೆದಿದೆ. ನೆಲ ಒತ್ತಡಕ್ಕೆ ಸಿಕ್ಕಿ ಮಡಿಸಿತು, ಕರಗಿತು, ಮೇಲೆದ್ದಿತು, ಆಮೇಲೆ ಸವೆಯಿತು ಎಂಬುದಕ್ಕಂತೂ ಕಲ್ಲೇ ಸಾಕ್ಷಿ.

ಭಾರ ಇಳಿದ ಬಂಡೆ

ಸವೆತಕ್ಕೆ ನಿಮ್ಮ ಕಣ್ಣಾರೆ ಕಾಣುವ ಪುರಾವೆ ಬೇಕೇ? ಬೋಳುಗುಡ್ಡದ ಮೈಯನ್ನು ಗಮನಿಸಿ. ಈರುಳ್ಳಿಯ ಸಿಪ್ಪೆಯಂತೆ ಬಂಡೆ ಪದರು ಪದರಾಗಿ ಏಳುತ್ತಿರುತ್ತದೆ. ಆಳದಲ್ಲಿ ಅಪಾರ ಭಾರದ ಕೆಳಗೆ ಹುಟ್ಟಿದ ಕಲ್ಲಿನ ಮೇಲಿನಿಂದ ಆ ಭಾರ ಇಳಿದಾಗ, ಅದು ತುಸು ಹಿಗ್ಗಿ ಹೀಗೆ ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ. ಹಾಗೆಯೇ ನಿಂತ ಬಿರುಕುಗಳೂ ಬೀಳುತ್ತವೆ. ಅವುಗಳೊಳಗೆ ನೀರಿಳಿದು ಮೂಲೆಗಳನ್ನು ಕೊಳೆಸುತ್ತದೆ. ಮಣ್ಣು ಕೊಚ್ಚಿಹೋದ ಮೇಲೆ ಗಟ್ಟಿ ತಿರುಳಷ್ಟೇ ಗುಂಡಾಗಿ ಉಳಿಯುತ್ತದೆ. ವಾನರರು ಎಸೆದರೆಂಬ ಗುಂಡುಗಳನ್ನು ಅಲ್ಲಿಗೆ ಯಾರೂ ತಂದಿಟ್ಟಿಲ್ಲ; ಅವು ಇದ್ದಲ್ಲೇ ರೂಪುಗೊಂಡವು.

ಈ ಕಲ್ಲುಹಾಳೆಗಳ ಗುಣವನ್ನು ನಮ್ಮ ಪೂರ್ವಿಕರು ಚೆನ್ನಾಗಿ ಅರಿತಿದ್ದರು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಮೌರ್ಯರ ಗುಡ್ಡದ ಮೇಲೆ ಸುಮಾರು 400 ಶಿಲಾಸಮಾಧಿಗಳಿವೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನ ಈ ಚಪ್ಪಡಿಗಳನ್ನೇ ಎಬ್ಬಿಸಿ, ಗೋಡೆಯಾಗಿ ನಿಲ್ಲಿಸಿ, ಮೇಲೆ ಮುಚ್ಚಿದರು. 2021 ರಲ್ಲಿ ಈ ತಾಣ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಮೇಲಿದ್ದ ನೆಲ ಸವೆದು ಹೋಗದಿದ್ದರೆ ಆ ಚಪ್ಪಡಿಗಳೂ ಇರುತ್ತಿರಲಿಲ್ಲ, ಆ ಮನೆಗಳೂ ಇರುತ್ತಿರಲಿಲ್ಲ.

ಕಾಲದ ಅಳತೆ ಮನಸ್ಸಿಗೆ ನಿಲುಕಲು ಒಂದು ಲೆಕ್ಕ ಮಾಡೋಣ. ಗ್ರಾನೈಟಿನ 252 ಕೋಟಿ ವರ್ಷಗಳನ್ನು ಒಂದೇ ವರ್ಷ ಎಂದುಕೊಳ್ಳಿ. ಆಗ ಒಂದು ದಿನವೆಂದರೆ ಸುಮಾರು 69 ಲಕ್ಷ ವರ್ಷ. ಜನವರಿ 1 ರಂದು ನಮ್ಮ ಕಲ್ಲು ಹುಟ್ಟಿತು. ಮಡಗಾಸ್ಕರ್ ಬೇರೆಯಾದದ್ದು ಡಿಸೆಂಬರ್ 19 ರಂದು. ಭಾರತ ಏಷ್ಯಕ್ಕೆ ಡಿಕ್ಕಿ ಹೊಡೆದದ್ದು ಡಿಸೆಂಬರ್ 24 ರಂದು. ಮನುಷ್ಯ ಬಂದದ್ದು ಡಿಸೆಂಬರ್ 31 ರ ರಾತ್ರಿ 11 ಗಂಟೆಯ ಹೊತ್ತಿಗೆ. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನ ಕೆತ್ತಿದ್ದು ವರ್ಷ ಮುಗಿಯಲು ಅರ್ಧ ನಿಮಿಷವೂ ಇಲ್ಲದಿದ್ದಾಗ!

ನೂಕುತ್ತಿರುವವರು ನಾವೇ

ಇಷ್ಟು ಹಳೆಯ ಕಲ್ಲು ಈಗ ಸುಮ್ಮನೆ ಮಲಗಿದೆ ಎಂದುಕೊಂಡಿರಾ? ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಪಗ್ರಹಗಳ ನೆರವಿನಿಂದ ನೆಲದ ಚಲನೆಯನ್ನು ಅಳೆದಿದ್ದಾರೆ. ದಕ್ಷಿಣ ಭಾರತ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯದ ಕಡೆಗೆ ಸರಿಯುತ್ತಿದೆ. ನಿಮಗೆ ಈಗ 15 ವರ್ಷವಾಗಿದ್ದರೆ, ನೀವು ಹುಟ್ಟಿದಾಗ ಇದ್ದ ಜಾಗದಿಂದ ಇರಕಲ್ಲಗಡ ಸುಮಾರು 75 ಸೆಂ.ಮೀ. ಮುಂದೆ ಹೋಗಿದೆ; ಊರು, ಗುಡ್ಡ, ಕೆರೆ, ಹೊಲ, ಶಾಲೆ ಎಲ್ಲವನ್ನೂ ಹೊತ್ತುಕೊಂಡು. ಈ ನಡೆಯಲ್ಲಿ ವರ್ಷಕ್ಕೆ ಸುಮಾರು 2 ಸೆಂ.ಮೀ.ನಷ್ಟು ಹಿಮಾಲಯದಲ್ಲಿ ಅದುಮಿಕೊಳ್ಳುತ್ತದೆ. ನಮ್ಮ ಹಳೆಯ, ಗಟ್ಟಿ ಶಿಲೆಯ ಫಲಕವೇ ಹಿಮಾಲಯವನ್ನು ನೂಕುತ್ತಿರುವ ಭುಜ.

ಆ ಒತ್ತಡ ಅಲ್ಲಿ ಕೂಡಿಕೊಳ್ಳುತ್ತ ಹೋಗಿ, ತಡೆಯಲಾರದಾದಾಗ ಶಿಲೆ ಥಟ್ಟನೆ ಜಾರುತ್ತದೆ. ಅದೇ ಭೂಕಂಪ. 2015 ರ ಏಪ್ರಿಲ್ 25 ರಂದು ನೇಪಾಳದಲ್ಲಿ ಆದದ್ದು ಹೀಗೆ. ಸುಮಾರು 9,000 ಜನ ಸತ್ತರು. ಆದರೆ ನೂಕುವವನ ಭುಜಕ್ಕೂ ನೋವಾಗದೇ ಇರುತ್ತದೆಯೇ? ಹಿಮಾಲಯದಲ್ಲಿನ ಒತ್ತಡ ಇಡೀ ಫಲಕದೊಳಗೆ ಹರಡಿರುತ್ತದೆ. ಫಲಕದ ನಡುವೆ ಎಲ್ಲಿಯಾದರೂ ಹಳೆಯ ದುರ್ಬಲ ಬಿರುಕಿದ್ದರೆ ಅಪರೂಪಕ್ಕೊಮ್ಮೆ ಅದೂ ಜಾರುತ್ತದೆ.

1993 ರ ಸೆಪ್ಟೆಂಬರ್ 30 ರ ನಸುಕು. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದರು. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ನಮ್ಮ ಬೀದರ, ಗುಲ್ಬರ್ಗ ಜಿಲ್ಲೆಗಳ ಜನರೂ ಆ ನಡುಕಕ್ಕೆ ಎಚ್ಚೆತ್ತರು. ಪ್ರಮಾಣ ಸುಮಾರು 6.2. ಸತ್ತವರು ಹತ್ತಿರ ಹತ್ತಿರ 10,000 ಜನ. ಆಗಿನ ಭೂಕಂಪ ವಲಯಗಳ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಎಲ್ಲಕ್ಕಿಂತ ಕಡಿಮೆ ಅಪಾಯದ ವಲಯದಲ್ಲಿ ಎಂಬುದನ್ನು ಗಮನಿಸಿ. 2002 ರಲ್ಲಿ ಆ ನಕ್ಷೆಯನ್ನೇ ತಿದ್ದಬೇಕಾಯಿತು.

2003 ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಸಿಮಿಯನ್ ಬಳಿ ಇದಕ್ಕಿಂತ ದೊಡ್ಡ ಭೂಕಂಪವಾಯಿತು. ಅಲ್ಲಿ ಸತ್ತವರು ಇಬ್ಬರು. ಅಲ್ಲಿ ಜನವಸತಿ ವಿರಳ, ಅದು ಹಗಲಿನ ಹೊತ್ತು ಎಂಬುದೂ ನಿಜ. ಆದರೆ ದೊಡ್ಡ ವ್ಯತ್ಯಾಸ ಮನೆಗಳಲ್ಲಿತ್ತು. ಕಿಲ್ಲಾರಿಯ ಮನೆಗಳು ನಮ್ಮ ಊರುಗಳ ಹಳೆಯ ಮನೆಗಳಂಥವೇ: ಒಳಮೈಗೊಂದು ಹೊರಮೈಗೊಂದು ಕಲ್ಲಿನ ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು, ಮೇಲೆ ದಪ್ಪನೆಯ ಮಣ್ಣಿನ ಮಾಳಿಗೆ. ಸೋರದಿರಲೆಂದು ವರ್ಷ ವರ್ಷ ಮಣ್ಣು ಹೇರಿ ಮಾಳಿಗೆಯ ಭಾರ ಹೆಚ್ಚಿತ್ತು. ನೆಲ ನಡುಗಿದಾಗ ಗೋಡೆಯ ಎರಡು ಮೈಗಳು ಬೇರೆಯಾಗಿ ಕುಸಿದವು. ಮಾಳಿಗೆ ಮಲಗಿದವರ ಮೇಲೆ ಬಿತ್ತು. ಕೊಂದದ್ದು ನೆಲದ ನಡುಕಕ್ಕಿಂತ ಹೆಚ್ಚಾಗಿ ಗೋಡೆ ಮತ್ತು ಮಾಳಿಗೆ.

ಇದನ್ನು ಓದಿ ನೀವು ಹೆದರಬೇಕಾಗಿಲ್ಲ. ನಮ್ಮ ಸೀಮೆಯಲ್ಲಿ ದೊಡ್ಡ ಭೂಕಂಪ ಬಲು ಅಪರೂಪ. 2002 ರ ನಕ್ಷೆಯೂ ಕೊಪ್ಪಳವನ್ನು ಕಡಿಮೆ ಅಪಾಯದ ವಲಯದಲ್ಲಿಯೇ ಇಟ್ಟಿತು. ಆದರೆ ಅಪರೂಪ ಎಂದರೆ ಅಸಾಧ್ಯ ಎಂದಲ್ಲ. ಕಲ್ಲಿನ ಮನೆ ಕಟ್ಟುವಾಗ ಗೋಡೆಯ ಎರಡೂ ಮೈಗಳನ್ನು ಹಿಡಿದು ನಿಲ್ಲುವ ಉದ್ದ ಕಲ್ಲುಗಳನ್ನು ಎತ್ತರದಲ್ಲಿ 60 ಸೆಂ.ಮೀ.ಗೊಮ್ಮೆ, ಉದ್ದದಲ್ಲಿ 1.2 ಮೀಟರ್ ಮೀರದಂತೆ ಅಡ್ಡಲಾಗಿ ಇಡಬೇಕು. ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಕಡಿಯದಂತೆ ಕಾಂಕ್ರೀಟಿನ ಪಟ್ಟಿ ಹಾಕಬೇಕು. ಹಳೆಯ ಮಾಳಿಗೆಯ ಮೇಲೆ ಹೊಸ ಮಣ್ಣು ಹೇರುವ ಮೊದಲು ಹಳೆಯದನ್ನು ಇಳಿಸಬೇಕು. ಇದನ್ನು ನಿಮ್ಮ ಅಪ್ಪನಿಗೆ, ಅಜ್ಜನಿಗೆ, ಊರಿನ ಗೌಂಡಿಗೆ ಹೇಳಿ. ಪರೀಕ್ಷೆಯ ಉತ್ತರಕ್ಕಿಂತ ಈ ಮಾತು ಒಂದು ದಿನ ಹೆಚ್ಚು ಉಪಯೋಗಕ್ಕೆ ಬಂದೀತು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಗಾದೆ. ಹತ್ತಿರದ ಗುಡ್ಡವೋ ಕಣ್ಣಿಗೇ ಬೀಳುವುದಿಲ್ಲ! ಮುಂದಿನ ಸಲ ಇರಕಲ್ಲಗಡದ ಕಡೆ ಹೋದಾಗ ಬಂಡೆಯ ಮೇಲೆ ಒಂದು ಗಳಿಗೆ ಕುಳಿತುಕೊಳ್ಳಿ. ನಿಮ್ಮ ತಲೆಯ ಮೇಲೆ ಖಾಲಿ ಆಕಾಶವಿರುವ ಜಾಗದಲ್ಲಿ ಒಂದು ಕಾಲಕ್ಕೆ ಕಿಲೋಮೀಟರುಗಟ್ಟಲೆ ಶಿಲೆ ಇತ್ತು. ಹಿಮಾಲಯವೂ ಮುಂದೊಂದು ಕಾಲಕ್ಕೆ ಸವೆದು ಇಂತಹುದೇ ಗುಡ್ಡವಾದೀತು. ನೀವು ಕುಳಿತ ಆ ಬಂಡೆಯಂತೂ ಆ ಹೊತ್ತಿನಲ್ಲೂ ಮೆಲ್ಲಗೆ ಮುಂದೆ ಸರಿಯುತ್ತಲೇ ಇರುತ್ತದೆ.

ಮಾಡಿ ನೋಡಿ

ಒಂದು ಉದ್ದನೆಯ ಟ್ರೇಯಲ್ಲಿ ತುಸು ಒದ್ದೆ ಮಾಡಿದ ಮರಳು, ಅದರ ಮೇಲೆ ಜೋಳದ ಹಿಟ್ಟು, ಮತ್ತೆ ಮರಳು, ಮತ್ತೆ ಹಿಟ್ಟು ಹೀಗೆ ತೆಳುವಾದ ಪದರಗಳನ್ನು ಹಾಸಿ. ಒಂದು ತುದಿಯಿಂದ ಮರದ ಹಲಗೆಯಿಂದ ಮೆಲ್ಲಗೆ ನೂಕಿ. ಪದರಗಳು ಮೊದಲು ಬಾಗುತ್ತವೆ, ಆಮೇಲೆ ಸೀಳಿ ಒಂದರ ಮೇಲೊಂದು ಏರುತ್ತವೆ. ಎತ್ತರ ಹೆಚ್ಚಿದಂತೆ ಉದ್ದ ಎಷ್ಟು ಕಡಿಮೆಯಾಯಿತು ಎಂದು ಅಳೆದು ಬರೆದುಕೊಳ್ಳಿ.

ಯೋಚಿಸಿ ಉತ್ತರಿಸಿ

1. ಗ್ರಾನೈಟಿನ ದೊಡ್ಡ ಹರಳುಗಳಿಂದ ಅದು ಹುಟ್ಟಿದ ಜಾಗದ ಬಗ್ಗೆ ಏನು ತಿಳಿಯುತ್ತದೆ?

2. ಸಾಲಿಗ್ರಾಮಕ್ಕೂ ಮರಡಿಹಳ್ಳಿಯ ದಿಂಬು ಲಾವಾಕ್ಕೂ ಇರುವ ಹೋಲಿಕೆ ಯಾವುದು?

3. ಪರ್ವತ ಸವೆದಂತೆ ಅದರ ಬೇರು ಮೇಲೇಳುವುದೇಕೆ? ಹರಿಗೋಲಿನ ಉದಾಹರಣೆಯಿಂದ ವಿವರಿಸಿ.

4. ವರ್ಷಕ್ಕೆ 5 ಸೆಂ.ಮೀ. ವೇಗದಲ್ಲಿ ಒಂದು ಫಲಕ 5 ಕೋಟಿ ವರ್ಷಗಳಲ್ಲಿ ಎಷ್ಟು ಕಿಲೋಮೀಟರ್ ಸಾಗುತ್ತದೆ? (ಉತ್ತರ: 2,500 ಕಿ.ಮೀ.)

5. ನಿಮ್ಮ ಮನೆಯ ಗೋಡೆ ಎಷ್ಟು ದಪ್ಪವಿದೆ? ಅದರ ಎರಡು ಮೈಗಳನ್ನು ಹಿಡಿದಿಡುವ ಕಲ್ಲುಗಳಿವೆಯೇ? ಹಿರಿಯರನ್ನು ಕೇಳಿ ತಿಳಿಯಿರಿ.